ಕರೆಗೆ ಓಗೊಡುವ ನಾಯಿ: ಹಗ್ಗ ಬಿಚ್ಚಿದಾಗ ಮರಳಿ ಬರುವಿಕೆ

ಹಗ್ಗ ಬಿಚ್ಚಿ ಬಿಟ್ಟ ನಾಯಿ, ಸಾಕಿದವರು ಕರೆದಾಗ ಮಾಡುತ್ತಿದ್ದುದನ್ನು ಅಲ್ಲೇ ಬಿಟ್ಟು ಕೈಗೆಟಕುವಷ್ಟು ಹತ್ತಿರ ಬಂದು ನಿಲ್ಲುವುದನ್ನು ಶ್ವಾನ ತರಬೇತಿಯಲ್ಲಿ ‘ರಿಕಾಲ್’ ಎನ್ನುತ್ತಾರೆ. ಕೂರುವುದು, ಮಲಗುವುದು, ಕೈ ಕೊಡುವುದು ಇವೆಲ್ಲ ತಪ್ಪಿದರೆ ದೊಡ್ಡ ನಷ್ಟವಿಲ್ಲ. ಈ ಒಂದು ಪಾಠ ತಪ್ಪಿದರೆ ನಾಯಿ ಲಾರಿಯ ಗಾಲಿಗೆ ಸಿಗಬಹುದು, ಕುರಿಮಂದೆಗೆ ನುಗ್ಗಬಹುದು, ಆಡುತ್ತಿರುವ ಮಗುವಿನ ಮೇಲೆ ಹಾರಬಹುದು. ಹಾಗಾಗಿ ಸಾಕುನಾಯಿಗೆ ಕಲಿಸಬೇಕಾದ ಪಾಠಗಳಲ್ಲಿ ಇದಕ್ಕೆ ಮೊದಲ ಸ್ಥಾನ.

‘ನಮ್ಮ ನಾಯಿ ಕರೆದರೆ ಬರುತ್ತದೆ’ ಎಂಬ ಮಾತು ಬಹುಮಟ್ಟಿಗೆ ಮನೆಯಂಗಳದ ಅನುಭವದಿಂದ ಬಂದದ್ದು. ಅಂಗಳದಲ್ಲಿ ಒಂದೇ ಕೂಗಿಗೆ ಓಡಿ ಬರುವ ನಾಯಿ, ಹೊಲದ ಬದುವಿನಲ್ಲಿ ಮೊಲ ಎದ್ದಾಗ ಕಿವಿಗೇ ಹಾಕಿಕೊಳ್ಳದೆ ಓಡುವುದುಂಟು. ನಾಯಿಯ ತಳಿ, ವಯಸ್ಸು, ಆ ಕ್ಷಣ ಎದುರಿಗಿರುವ ಆಕರ್ಷಣೆ, ಹಿಂದೆ ಕರೆದಾಗಲೆಲ್ಲ ಬಂದದ್ದರಿಂದ ಅದಕ್ಕೆ ದೊರೆತದ್ದು ಇವುಗಳಿಗೆ ತಕ್ಕಂತೆ ಭರವಸೆ ಏರಿಳಿಯುತ್ತದೆ. ಅಭ್ಯಾಸದಿಂದ ಅದನ್ನು ಬಹಳ ಎತ್ತರಕ್ಕೆ ಒಯ್ಯಬಹುದು. ನೂರಕ್ಕೆ ನೂರು ಆಗಿಸಲು ಬರುವುದಿಲ್ಲ.

ಭರವಸೆಯನ್ನು ಅಳೆಯುವ ಬಗೆ

ಅಳತೆಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಸಾಕಿದವರನ್ನೇ ಕೇಳುವುದು. ಅಮೆರಿಕದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಸರ್ಪೆಲ್ ಮತ್ತು ಸಂಗಡಿಗರು ರೂಪಿಸಿದ ‘ಸಿ-ಬಾರ್ಕ್’ ಪ್ರಶ್ನಾವಳಿಯಲ್ಲಿ, ಹಗ್ಗವಿಲ್ಲದಾಗ ಕರೆದರೆ ನಾಯಿ ತಕ್ಷಣ ಮರಳುತ್ತದೆಯೇ ಎಂಬ ಪ್ರಶ್ನೆಯಿದೆ. ‘ಎಂದೂ ಇಲ್ಲ’ದಿಂದ ‘ಯಾವಾಗಲೂ’ವರೆಗೆ ಐದು ಹಂತಗಳಲ್ಲಿ ಉತ್ತರಿಸಬೇಕು. ನಾಯಿಯ ಕಲಿಯುವ ಗುಣವನ್ನು ಲೆಕ್ಕ ಹಾಕುವಾಗ ಈ ಉತ್ತರವನ್ನೂ ಸೇರಿಸುತ್ತಾರೆ. ಸಾವಿರಾರು ನಾಯಿಗಳ ಮಾಹಿತಿ ಕಡಿಮೆ ಖರ್ಚಿನಲ್ಲಿ ಸಿಗುವುದು ಈ ವಿಧಾನದ ಲಾಭ. ಆದರೆ ಒಬ್ಬರ ‘ಸಾಮಾನ್ಯವಾಗಿ’ ಇನ್ನೊಬ್ಬರ ‘ಕೆಲವೊಮ್ಮೆ’ ಆಗಿರಬಹುದು.

ಎರಡನೆಯದು ಕಣ್ಣೆದುರಿನ ಪರೀಕ್ಷೆ. ಅಮೆರಿಕದಲ್ಲಿ ಹೆಲೆನ್ ವೈಟ್‌ಹೌಸ್ ವಾಕರ್ 1933ರಲ್ಲಿ ನ್ಯೂಯಾರ್ಕ್ ರಾಜ್ಯದ ಮೌಂಟ್ ಕಿಸ್ಕೋದಲ್ಲಿ ವಿಧೇಯತೆಯ ಸ್ಪರ್ಧೆ ಏರ್ಪಡಿಸಿದರು. ಅಮೆರಿಕನ್ ಕೆನಲ್ ಕ್ಲಬ್ 1936ರಲ್ಲಿ ಅದಕ್ಕೆ ಅಧಿಕೃತ ನಿಯಮಗಳನ್ನು ತಂದಿತು. ಆರಂಭಿಕ ವರ್ಗದ ಸ್ಪರ್ಧೆಯಲ್ಲಿ ನಾಯಿಯನ್ನು ಕೂರಿಸಿ, ಹಗ್ಗವಿಲ್ಲದೆ ಬಿಟ್ಟು, ಕಣದ ಇನ್ನೊಂದು ತುದಿಗೆ ಹೋಗಿ ಒಮ್ಮೆ ಮಾತ್ರ ಕರೆಯಬೇಕು. ನಾಯಿ ಚುರುಕಾಗಿ ಬಂದು ಎದುರಿಗೆ ಕೂರಬೇಕು. ಎರಡನೆಯ ಸಲ ಕರೆದರೆ ಅಲ್ಲಿಗೆ ಮುಗಿಯಿತು, ಉತ್ತೀರ್ಣತೆ ಇಲ್ಲ.

ಕಣದಲ್ಲಿ ಮೊಲವಿಲ್ಲ, ಬೀದಿನಾಯಿಯಿಲ್ಲ. ಆದ್ದರಿಂದ ಅನುಭವಿ ತರಬೇತುದಾರರು ನಿಜಜೀವನದ ಅಳತೆಗೆ ಮೂರು ಸಂಗತಿಗಳನ್ನು ನೋಡುತ್ತಾರೆ: ಮೊದಲ ಕರೆಗೇ ತಿರುಗಿತೇ, ತಿರುಗಿದ್ದು ಎಷ್ಟು ಬೇಗ, ಬಂದ ಮೇಲೆ ಬೆಲ್ಟಿಗೆ ಕೈ ಹಾಕಲು ಬಿಟ್ಟಿತೇ. ಮೂರನೆಯದನ್ನು ಹಲವರು ಗಮನಿಸುವುದಿಲ್ಲ. ಎಷ್ಟೋ ನಾಯಿಗಳು ಓಡೋಡಿ ಬಂದು ಎರಡು ಮಾರು ದೂರದಲ್ಲಿ ನಿಂತು ಬಾಲ ಅಲ್ಲಾಡಿಸುತ್ತವೆ. ಕೈ ಮುಂದೆ ಬಂದ ಕೂಡಲೇ ಪಕ್ಕಕ್ಕೆ ಜಾರಿಕೊಳ್ಳುತ್ತವೆ. ಹೀಗೆ ಬಂದದ್ದನ್ನು ಬಂದಂತೆ ಲೆಕ್ಕಕ್ಕೆ ತೆಗೆದುಕೊಳ್ಳಲಾಗದು.

ಕಲಿಕೆಯ ತಳಹದಿ

ಎಡ್ವರ್ಡ್ ಥಾರ್ನ್‌ಡೈಕ್ 1898ರಲ್ಲಿ ಪೆಟ್ಟಿಗೆಯೊಳಗೆ ಕೂಡಿದ ಪ್ರಾಣಿಗಳು ಹೊರಬರುವ ಉಪಾಯವನ್ನು ಕಲಿಯುವ ಬಗೆಯನ್ನು ದಾಖಲಿಸಿದರು. ಹಿತವಾದ ಫಲ ಕೊಟ್ಟ ನಡವಳಿಕೆ ಮರುಕಳಿಸುತ್ತದೆ, ಅಹಿತ ತಂದದ್ದು ಕುಗ್ಗುತ್ತದೆ ಎಂಬ ಅವರ ‘ಪರಿಣಾಮದ ನಿಯಮ’ವೇ ಈ ಪಾಠದ ಅಡಿಗಲ್ಲು. ಬಿ. ಎಫ್. ಸ್ಕಿನ್ನರ್ ಅದನ್ನು ವಿಸ್ತರಿಸಿದರು. ಅವರ ಶಿಷ್ಯರಾಗಿದ್ದ ಕೆಲ್ಲರ್ ಮತ್ತು ಮರಿಯನ್ ಬ್ರೆಲಾಂಡ್ ದಂಪತಿ ಆ ತತ್ತ್ವವನ್ನು ಪ್ರಯೋಗಾಲಯದ ಹೊರಗೆ ಪ್ರಾಣಿಗಳ ತರಬೇತಿಗೆ ತಂದರು. 1984ರಲ್ಲಿ ಬಂದ ಕ್ಯಾರನ್ ಪ್ರಯರ್ ಅವರ ‘ಡೋಂಟ್ ಶೂಟ್ ದ ಡಾಗ್’ ಪುಸ್ತಕ ಅದನ್ನು ಸಾಮಾನ್ಯ ಓದುಗರಿಗೆ ಮುಟ್ಟಿಸಿತು.

ಈ ನಿಯಮದ ಬೆಳಕಿನಲ್ಲಿ ನೋಡಿದರೆ ‘ಬಾ’ ಎಂಬ ಸದ್ದಿಗೆ ನಾಯಿಯ ಮಟ್ಟಿಗೆ ಸ್ವಂತ ತೂಕವಿಲ್ಲ. ಅದರ ಬೆನ್ನಿಗೆ ಏನು ಬರುತ್ತದೆ ಎಂಬುದೇ ಅದರ ತೂಕ. ಕರೆದಾಗಲೆಲ್ಲ ಸ್ನಾನ, ಉಗುರು ಕತ್ತರಿಸುವಿಕೆ, ಔಷಧಿ ಕಾದಿದ್ದರೆ, ಅಥವಾ ಆಟದ ನಡುವೆ ಕರೆದು ಚೈನು ಹಾಕಿ ಮನೆಗೆ ಎಳೆದೊಯ್ದರೆ, ಬರುವುದೆಂದರೆ ನಷ್ಟ ಎಂದು ನಾಯಿ ಕಲಿಯುತ್ತದೆ. ತಡವಾಗಿ ಬಂದದ್ದಕ್ಕೆ ಹೊಡೆಯುವುದು ಇನ್ನೂ ಕೆಟ್ಟದ್ದು. ಏಟು ಬೀಳುವ ಹೊತ್ತಿಗೆ ನಾಯಿ ಮಾಡಿರುವ ಕೊನೆಯ ಕೆಲಸ ಬಂದದ್ದೇ ಆಗಿರುತ್ತದೆ. ಏಟು ಅದರ ಲೆಕ್ಕಕ್ಕೇ ಜಮೆಯಾಗುತ್ತದೆ. ಉತ್ತರ ಬರದಿದ್ದರೂ ಹತ್ತಾರು ಸಲ ಕೂಗುತ್ತ ಹೋದರೆ ಆ ಕೂಗು ಗಾಳಿ, ವಾಹನಗಳ ಸದ್ದಿನ ಸಾಲಿಗೆ ಸೇರಿ ಅರ್ಥ ಕಳೆದುಕೊಳ್ಳುತ್ತದೆ.

ಇನ್ನೊಂದು ಕಡೆ ಎದುರಿನ ಆಕರ್ಷಣೆಯೂ ಒಂದು ಬಹುಮಾನವೇ. ಅಳಿಲನ್ನು ಬೆನ್ನಟ್ಟುವ ನಾಯಿಗೆ ಅಳಿಲು ಸಿಗಬೇಕೆಂದಿಲ್ಲ, ಬೆನ್ನಟ್ಟುವುದರಲ್ಲೇ ಅದಕ್ಕೆ ಸುಖವಿದೆ. ಒಂದು ಸಲ ಕರೆಯನ್ನು ಮೀರಿ ಓಡಿದ ನಾಯಿಗೆ ಮೀರಿದ್ದಕ್ಕೇ ಬಹುಮಾನ ಸಿಕ್ಕಂತಾಯಿತು. ಡೇವಿಡ್ ಪ್ರೀಮ್ಯಾಕ್ 1959ರಲ್ಲಿ ಮಂಡಿಸಿದ ತತ್ತ್ವ ಇಲ್ಲಿ ನೆರವಿಗೆ ಬರುತ್ತದೆ: ಪ್ರಾಣಿ ತಾನಾಗಿ ಹೆಚ್ಚು ಬಯಸುವ ಕೆಲಸವನ್ನು, ಅದು ಅಷ್ಟಾಗಿ ಬಯಸದ ಕೆಲಸಕ್ಕೆ ಬಹುಮಾನವಾಗಿ ಬಳಸಬಹುದು. ಆಡುತ್ತಿದ್ದ ನಾಯಿಯನ್ನು ಕರೆದು, ಬಂದ ಕೂಡಲೇ ಮತ್ತೆ ಆಡಲು ಬಿಟ್ಟರೆ, ಆಟವೇ ಕರೆಯ ಬೆಂಬಲಕ್ಕೆ ನಿಲ್ಲುತ್ತದೆ.

ನಾಯಿಗಳು ಪಾಠವನ್ನು ಜಾಗದ ಜೊತೆಗೆ ಸೇರಿಸಿ ಕಲಿಯುತ್ತವೆ. ಅಡುಗೆಮನೆಯಲ್ಲಿ ಕಲಿತದ್ದು ತಾನಾಗಿಯೇ ಮೈದಾನಕ್ಕೆ ಬರುವುದಿಲ್ಲ. ಪ್ರತಿ ಹೊಸ ಜಾಗದಲ್ಲೂ ಸುಲಭದ ಹಂತದಿಂದ ಮತ್ತೆ ಶುರು ಮಾಡಬೇಕಾಗುತ್ತದೆ.

ಧ್ವನಿ, ಸೀಟಿ, ನಿಲುವು

ಮನುಷ್ಯನ ಕಿವಿ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಿಸಿಕೊಂಡರೆ ನಾಯಿಯದು ಸುಮಾರು 45,000 ಹರ್ಟ್ಸ್‌ವರೆಗೆ ಮುಟ್ಟುತ್ತದೆ. ಫ್ರಾನ್ಸಿಸ್ ಗಾಲ್ಟನ್ 1876ರಲ್ಲಿ ಮಾಡಿದ ಸೀಟಿ ಈ ಅಂತರವನ್ನು ಪರೀಕ್ಷಿಸಲು ಬಂತು. ಇಂದಿನ ‘ಮೌನ ಸೀಟಿ’ಗಳ ಮೂಲ ಅದೇ. ಸೀಟಿಯ ನಿಜವಾದ ಲಾಭ ಬೇರೆ ಕಡೆಯಿದೆ: ಅದು ದೂರಕ್ಕೆ ಕೇಳುತ್ತದೆ, ಯಾರು ಊದಿದರೂ ಒಂದೇ ಥರ ಇರುತ್ತದೆ, ಊದುವವರ ಕೋಪ ಗಾಬರಿಗಳು ಅದರಲ್ಲಿ ಬೆರೆಯುವುದಿಲ್ಲ.

ಕುರಿನಾಯಿಗಳ ಸಂಕೇತಗಳನ್ನು ಅಧ್ಯಯನ ಮಾಡಿದ ಅಮೆರಿಕದ ಪ್ಯಾಟ್ರಿಷಿಯಾ ಮೆಕಾನೆಲ್, ಮರಿಗಳ ಮೇಲಿನ ಪ್ರಯೋಗವೊಂದನ್ನು 1990ರಲ್ಲಿ ಪ್ರಕಟಿಸಿದರು. ಬೇಗ ಬೇಗ ಬರುವ ನಾಲ್ಕು ಗಿಡ್ಡ ಸ್ವರಗಳು ಮರಿಗಳನ್ನು ಬರಮಾಡಿಕೊಳ್ಳಲು ಒಂದೇ ನೀಳ ಸ್ವರಕ್ಕಿಂತ ಚೆನ್ನಾಗಿ ಕೆಲಸ ಮಾಡಿದವು. ನಮ್ಮ ಹಳ್ಳಿಗಳಲ್ಲಿ ನಾಯಿಯನ್ನು ‘ಬಾ ಬಾ ಬಾ’ ಎಂದು ಬಿಡಿಬಿಡಿಯಾಗಿ ಕರೆಯುವುದೂ, ನಾಲಿಗೆಯಿಂದ ಲೊಚ ಲೊಚ ಎನ್ನುವುದೂ ಇದೇ ಜಾತಿಯ ಸದ್ದುಗಳು.

ಗದ್ದಲದಲ್ಲಿ ನಾಯಿಗೆ ತನ್ನ ಹೆಸರು ಕೇಳಿಸುತ್ತದೆಯೇ? ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಅಮೃತಾ ಮಲ್ಲಿಕಾರ್ಜುನ್ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಹಿನ್ನೆಲೆಯ ಮಾತಿನ ಗದ್ದಲದಷ್ಟೇ ಅಥವಾ ಅದಕ್ಕಿಂತ ಜೋರಾಗಿ ಕರೆದಾಗ ನಾಯಿಗಳು ಹೆಸರನ್ನು ಗುರುತಿಸಿದವು. ಬ್ರಿಟನ್ನಿನ ಡೇನಿಯಲ್ ಮಿಲ್ಸ್ ಮತ್ತು ಸಂಗಡಿಗರ 2005ರ ಅಧ್ಯಯನ ಇನ್ನೊಂದು ಮುಖವನ್ನು ತೋರಿಸಿತು: ಪದ ಅದೇ ಇದ್ದರೂ ಹೇಳುವ ರೀತಿ, ಹೇಳುವವರ ನಿಲುವು ಬದಲಾದರೆ ಪ್ರತಿಕ್ರಿಯೆಯೂ ಬದಲಾಗುತ್ತದೆ. ಎದುರಾಗಿ ನಿಂತು ಮುಂದೆ ಬಾಗಿ ಗದರುವವರತ್ತ ನಾಯಿ ಹಿಂಜರಿಯುತ್ತದೆ. ಕುಕ್ಕರುಗಾಲಲ್ಲಿ ಕೂತು ಪಕ್ಕಕ್ಕೆ ತಿರುಗಿದವರತ್ತ ಸಲೀಸಾಗಿ ಬರುತ್ತದೆ. ಅಟ್ಟಿಸಿಕೊಂಡು ಹೋದರೆ ಅದು ಆಟವೆಂದು ಇನ್ನಷ್ಟು ದೂರ ಓಡುತ್ತದೆ, ನಾವೇ ತಿರುಗಿ ಓಡಿದರೆ ಬಹಳ ಸಲ ಹಿಂದೆಯೇ ಬರುತ್ತದೆ.

ಕಿವಿಯೇ ಕೇಳದ ನಾಯಿಗಳೂ ಇವೆ. ಅಮೆರಿಕದ ಡಾಲ್ಮೇಷಿಯನ್‌ಗಳಲ್ಲಿ ಸುಮಾರು 8% ಎರಡೂ ಕಿವಿಗಳಲ್ಲಿ, 22% ಒಂದು ಕಿವಿಯಲ್ಲಿ ಹುಟ್ಟುಕಿವುಡು ಎಂದು ಪರೀಕ್ಷೆಗಳು ತೋರಿಸಿವೆ. ಒಂದೇ ಕಿವಿ ಕೇಳುವ ನಾಯಿಗೆ ಸದ್ದು ಬಂದ ದಿಕ್ಕು ತಿಳಿಯುವುದು ಕಷ್ಟ. ವಯಸ್ಸಾದ ನಾಯಿ ‘ಹಟ’ ಹಿಡಿದಂತೆ ಕಂಡರೆ ಮೊದಲು ಕಿವಿ ಪರೀಕ್ಷಿಸಬೇಕು. ಇಂಥ ನಾಯಿಗಳಿಗೆ ಕೈಸನ್ನೆಯನ್ನು, ಕತ್ತಲಲ್ಲಿ ಟಾರ್ಚಿನ ಬೆಳಕನ್ನು ಕರೆಯಾಗಿ ಕಲಿಸಬಹುದು.

ತಳಿಯ ಪಾತ್ರ

ಮನುಷ್ಯ ನಾಯಿಗಳನ್ನು ಬೇರೆ ಬೇರೆ ಕೆಲಸಕ್ಕೆಂದು ಆರಿಸಿ ಬೆಳೆಸಿದ. ಬಾರ್ಡರ್ ಕಾಲಿ, ಲ್ಯಾಬ್ರಡಾರ್‌ಗಳ ಪೂರ್ವಜರು ಕೆಲಸದ ನಡುವೆ ಮನುಷ್ಯನತ್ತ ಮತ್ತೆ ಮತ್ತೆ ನೋಡಿ ಸೂಚನೆ ಪಡೆಯಬೇಕಿತ್ತು. ಬೀಗಲ್‌ನಂಥ ವಾಸನೆಯ ಬೇಟೆನಾಯಿಗಳ ಕೆಲಸ ಮೂಗು ನೆಲಕ್ಕೆ ಹಚ್ಚಿ ಜಾಡು ಹಿಡಿದು ಮುಂದೆ ಸಾಗುವುದು. ಹಸ್ಕಿಗಳದು ಬಂಡಿ ಎಳೆಯುತ್ತ ಮುಂದಕ್ಕೆ ಓಡುವುದು. ಮಂದೆಗೆ ಕಾವಲಿರುವ ನಾಯಿಗಳು ಯಾರ ಅಪ್ಪಣೆಗೂ ಕಾಯದೆ ತಾವೇ ನಿರ್ಧರಿಸಬೇಕು. ಇವು ಕರೆಗೆ ಬರದಿದ್ದರೆ ಬುದ್ಧಿ ಕಡಿಮೆ ಎಂದಲ್ಲ, ಅವುಗಳ ಬುದ್ಧಿಯನ್ನು ನಾವೇ ಬೇರೆ ಕಡೆಗೆ ತಿದ್ದಿದ್ದೇವೆ.

18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿಯನ್ನು ಆಧರಿಸಿ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದಕ್ಕೆ ಮಿತಿಯನ್ನೂ ಹೇಳಿತು. ನಾಯಿಗಳ ನಡವಳಿಕೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು 9% ಮಾತ್ರ. ಆದರೆ ಮನುಷ್ಯನ ಸೂಚನೆಗೆ ಸ್ಪಂದಿಸುವ ಗುಣದಲ್ಲಿ ತಳಿತಳಿಗೆ ಇರುವ ಅಂತರ ಉಳಿದ ಗುಣಗಳಿಗಿಂತ ಎದ್ದು ಕಂಡಿತು. ತಳಿ ಒಂದು ಒಲವನ್ನು ಕೊಡುತ್ತದೆ. ಒಂದೊಂದು ನಾಯಿಯನ್ನೂ ಅದರದೇ ಲೆಕ್ಕದಲ್ಲಿ ನೋಡಬೇಕು.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಇಲ್ಲಿ ಒಳ್ಳೆಯ ಉದಾಹರಣೆ. ಸಪೂರ ಮೈ, ನೀಳ ಕಾಲು, ಆಳವಾದ ಎದೆಯ ಈ ತಳಿ ಗ್ರೇಹೌಂಡ್, ಸಲೂಕಿಗಳಂತೆ ಕಣ್ಣಿನಿಂದ ಬೇಟೆ ಹಿಡಿಯುವ ಗುಂಪಿನದು. ದೂರದಲ್ಲಿ ಏನೋ ಓಡಿತೆಂದರೆ ಮೈಯೆಲ್ಲ ಬಿಗಿಯಾಗುತ್ತದೆ, ಕಿವಿ ನಿಮಿರುತ್ತದೆ, ಮರುಗಳಿಗೆಗೆ ನಾಯಿ ಅಲ್ಲಿರುವುದಿಲ್ಲ. ಗ್ರೇಹೌಂಡ್‌ಗಳು ಗಂಟೆಗೆ 60 ಕಿ.ಮೀ. ವೇಗ ದಾಟುತ್ತವೆ. ಆ ವೇಗದಲ್ಲಿ ಸೆಕೆಂಡಿಗೆ ಸುಮಾರು 17 ಮೀಟರ್. ಹೆಸರು ಹಿಡಿದು ಎರಡು ಸಲ ಕೂಗುವಷ್ಟರಲ್ಲಿ ನಾಯಿ ಮೂವತ್ತು ಮೀಟರ್ ಆಚೆ ಇರುತ್ತದೆ. ಹಾಗಾಗಿ ಈ ಗುಂಪಿನ ನಾಯಿಗಳನ್ನು ಓಡಲು ಶುರು ಮಾಡುವ ಮುನ್ನ, ಕಿವಿ ನಿಮಿರಿ ನೋಡುತ್ತಿರುವ ಆ ಒಂದು ಕ್ಷಣದಲ್ಲೇ ಕರೆಯಬೇಕು. ಹೀಗೆಂದು ಮುಧೋಳ ನಾಯಿಗೆ ಕಲಿಸಲಾಗದು ಎಂದುಕೊಳ್ಳಬೇಕಿಲ್ಲ. ಭಾರತೀಯ ಸೇನೆ ಈ ತಳಿಯ ಮರಿಗಳನ್ನು ಮೀರತ್‌ನ ಕೇಂದ್ರಕ್ಕೆ ಒಯ್ದು ತರಬೇತಿ ಕೊಟ್ಟಿದೆ.

ವಯಸ್ಸು

ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ 1965ರ ತಮ್ಮ ಗ್ರಂಥದಲ್ಲಿ, ಸುಮಾರು 3ರಿಂದ 12 ವಾರಗಳ ನಡುವಿನ ಕಾಲ ಮರಿ ಮನುಷ್ಯರೊಂದಿಗೆ ನಂಟು ಕಟ್ಟಿಕೊಳ್ಳುವ ಮುಖ್ಯ ಘಟ್ಟ ಎಂದು ತೋರಿಸಿದರು. ಎಳೆಯ ಮರಿ ಸಹಜವಾಗಿಯೇ ಕಾಲಿಗೆ ತೊಡರಿಕೊಂಡು ಹಿಂಬಾಲಿಸುತ್ತದೆ. ಅದನ್ನೇ ಕಲಿಕೆಯೆಂದು ನಂಬಿ ಪಾಠ ನಿಲ್ಲಿಸುವವರು ಆರೇಳು ತಿಂಗಳಿಗೆ ಕಂಗಾಲಾಗುತ್ತಾರೆ.

ಆ ಹಂತದ ಮೇಲೆ ಲೂಸಿ ಆಶರ್ ಮತ್ತು ಸಂಗಡಿಗರು ಮಾರ್ಗದರ್ಶಿ ನಾಯಿಗಳ ಮರಿಗಳಲ್ಲಿ ನಡೆಸಿದ ಅಧ್ಯಯನ 2020ರಲ್ಲಿ ಪ್ರಕಟವಾಯಿತು. ‘ಕೂರು’ ಎಂಬ ಆಜ್ಞೆಯನ್ನು ಐದನೆಯ ಮತ್ತು ಎಂಟನೆಯ ತಿಂಗಳಲ್ಲಿ ಹೋಲಿಸಿದಾಗ, ಎಂಟನೆಯ ತಿಂಗಳಲ್ಲಿ ನಾಯಿಗಳು ಸಾಕುವವರ ಮಾತನ್ನು ಹೆಚ್ಚು ಮೀರಿದವು. ಅಪರಿಚಿತರ ಮಾತನ್ನು ಹಾಗೆ ಮೀರಲಿಲ್ಲ. ಈ ಹರೆಯ ದಾಟಿಹೋಗುವಂಥದು. ಆ ತಿಂಗಳುಗಳಲ್ಲಿ ಉದ್ದ ಹಗ್ಗಕ್ಕೆ ಮರಳಿ, ಬಹುಮಾನ ಹೆಚ್ಚಿಸಿ, ತಾಳ್ಮೆಯಿಂದ ಇರಬೇಕು. ಈ ವಯಸ್ಸಿನಲ್ಲೇ ಬೇಸತ್ತು ನಾಯಿಯನ್ನು ಬಿಟ್ಟುಬಿಡುವವರಿದ್ದಾರೆ. ಕೆಲವೇ ತಿಂಗಳು ಕಾದಿದ್ದರೆ ಆ ನಾಯಿಗೆ ಮನೆ ಉಳಿಯುತ್ತಿತ್ತು.

ಕಲಿಸುವ ಕ್ರಮ

ಪಾಠ ಮನೆಯೊಳಗೆ, ಎರಡು ಹೆಜ್ಜೆ ದೂರದಿಂದ ಶುರುವಾಗುತ್ತದೆ. ಹೆಸರು ಕರೆದು, ನಾಯಿ ಮುಖ ಎತ್ತಿದ ಕ್ಷಣ ‘ಬಾ’ ಎಂದು, ಬಂದ ಕೂಡಲೇ ಒಂದು ಕೈಯಿಂದ ಮೆಲ್ಲಗೆ ಬೆಲ್ಟು ಹಿಡಿದು ಇನ್ನೊಂದು ಕೈಯಿಂದ ತಿನಿಸು ಕೊಡಬೇಕು. ಬೆಲ್ಟು ಹಿಡಿಯುವುದು ಮೊದಲು, ತಿನಿಸು ಆಮೇಲೆ. ಈ ಕ್ರಮ ರೂಢಿಯಾದರೆ ಕೈ ಮುಂದೆ ಬಂದಾಗ ನಾಯಿ ಜಾರಿಕೊಳ್ಳುವುದಿಲ್ಲ. ತಿನಿಸು ದಿನಾ ಸಿಗುವ ಬಿಸ್ಕತ್ತಾಗಿರದೆ ಬೇಯಿಸಿದ ಕೋಳಿ, ಮೊಟ್ಟೆ, ಪನೀರಿನಂಥ ಅಪರೂಪದ್ದಾಗಿದ್ದರೆ ಒಳ್ಳೆಯದು.

ಆಮೇಲೆ ಅಂಗಳ, ಬೇಲಿಯಿರುವ ತೋಟ, ಖಾಲಿ ಮೈದಾನ. ಇಲ್ಲಿ ಹತ್ತು-ಹದಿನೈದು ಮೀಟರ್ ಉದ್ದದ ಹಗುರ ಹಗ್ಗ ಬೇಕು. ಅದನ್ನು ಕುತ್ತಿಗೆಯ ಬೆಲ್ಟಿಗೆ ಕಟ್ಟದೆ ಎದೆಪಟ್ಟಿಗೆ ಕಟ್ಟಬೇಕು; ಓಡುವ ನಾಯಿ ಹಗ್ಗದ ತುದಿ ಮುಟ್ಟಿದಾಗ ಕುತ್ತಿಗೆಗೆ ಬೀಳುವ ಜಗ್ಗು ಅಪಾಯಕಾರಿ. ಹಗ್ಗ ನೆಲದ ಮೇಲೆ ಎಳೆದುಕೊಂಡು ಹೋಗುತ್ತಿರಲಿ. ಅದು ನಾಯಿಯನ್ನು ಎಳೆದು ತರಲು ಇರುವುದಲ್ಲ, ಕರೆಯನ್ನು ಮೀರಿ ಓಡಿ ಬಹುಮಾನ ಪಡೆಯದಂತೆ ತಡೆಯಲು. ದೂರ, ಗದ್ದಲ, ಆಕರ್ಷಣೆ ಈ ಮೂರರಲ್ಲಿ ಒಂದು ಸಲಕ್ಕೆ ಒಂದನ್ನು ಮಾತ್ರ ಹೆಚ್ಚಿಸಬೇಕು. ಬರುವುದಿಲ್ಲವೆಂದು ನಮಗೇ ಅನ್ನಿಸಿದಾಗ ಕರೆಯದೆ, ನಡೆದುಹೋಗಿ ಹಿಡಿದು ತರುವುದು ಜಾಣತನ.

ಪಾಠ ಗಟ್ಟಿಯಾದ ಮೇಲೆ ತಿನಿಸನ್ನು ಪ್ರತಿಸಲವೂ ಕೊಡದೆ ಆಗೀಗ ಕೊಡಬಹುದು. ಸ್ಕಿನ್ನರ್ ಮತ್ತು ಚಾರ್ಲ್ಸ್ ಫರ್ಸ್ಟರ್ 1957ರ ಗ್ರಂಥದಲ್ಲಿ ವಿವರಿಸಿದಂತೆ, ಬಿಟ್ಟು ಬಿಟ್ಟು ಸಿಗುವ ಬಹುಮಾನದಿಂದ ಬೆಳೆದ ನಡವಳಿಕೆ ಬೇಗ ಅಳಿಯುವುದಿಲ್ಲ. ಆದರೆ ಬಹುಮಾನ ಪೂರ್ತಿ ನಿಂತರೆ ಕರೆಯೂ ಸವೆಯುತ್ತದೆ. ಅನೇಕ ತರಬೇತುದಾರರು ತುರ್ತಿಗೆಂದು ಬೇರೆಯೇ ಒಂದು ಪದವನ್ನೋ ಸೀಟಿಯನ್ನೋ ಕಾದಿರಿಸುತ್ತಾರೆ. ಅದಕ್ಕೆ ಯಾವಾಗಲೂ ಅತಿ ದೊಡ್ಡ ಬಹುಮಾನ, ದಿನಬಳಕೆಗೆ ಅದನ್ನು ಎಂದೂ ಬಳಸುವುದಿಲ್ಲ.

ವಿದ್ಯುತ್ ಬೆಲ್ಟಿನ ವಿವಾದ

ದೂರದಿಂದ ಗುಂಡಿ ಒತ್ತಿ ನಾಯಿಯ ಕುತ್ತಿಗೆಗೆ ಆಘಾತ ಕೊಡುವ ಬೆಲ್ಟುಗಳನ್ನು ಮುಖ್ಯವಾಗಿ ಈ ಪಾಠಕ್ಕೆಂದೇ ಮಾರುತ್ತಾರೆ. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದವರು, ಕರೆಗೆ ಬಾರದ 63 ಸಾಕುನಾಯಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಅಧ್ಯಯನ 2014ರಲ್ಲಿ ಬಂತು. ವಿದ್ಯುತ್ ಬೆಲ್ಟಿನಿಂದ ಹೆಚ್ಚಿನ ಲಾಭ ಕಾಣಲಿಲ್ಲ, ಆ ನಾಯಿಗಳಲ್ಲಿ ಒತ್ತಡದ ಲಕ್ಷಣಗಳು ಹೆಚ್ಚಿದ್ದವು. ಅದೇ ತಂಡದವರ 2020ರ ವಿಶ್ಲೇಷಣೆಯಲ್ಲಿ, ಬಹುಮಾನದಿಂದ ಕಲಿತ ನಾಯಿಗಳು ಮೊದಲ ಕರೆಗೇ ಹೆಚ್ಚು ಸಲ, ಹೆಚ್ಚು ಬೇಗ ಸ್ಪಂದಿಸಿದವು.

ಇದಕ್ಕೆ ಎದುರಾದ ಫಲಿತಾಂಶವೂ ಇದೆ. ಅಮೆರಿಕದ ಅರಿಜೋನ ರಾಜ್ಯ ವಿಶ್ವವಿದ್ಯಾಲಯದ ಅನಾಮರಿ ಜಾನ್ಸನ್ ಮತ್ತು ಕ್ಲೈವ್ ವಿನ್ 2024ರಲ್ಲಿ 19 ನಾಯಿಗಳ ಮೇಲಿನ ಪ್ರಯೋಗ ಪ್ರಕಟಿಸಿದರು. ಓಡುವ ಹುಸಿ ಬೇಟೆಯನ್ನು ಬೆನ್ನಟ್ಟುವುದನ್ನು ಬಿಡಿಸುವಲ್ಲಿ ವಿದ್ಯುತ್ ಬೆಲ್ಟು ಯಶಸ್ವಿಯಾಯಿತು, ತಿನಿಸು ಕೊಟ್ಟು ಕಲಿಸಿದ ಗುಂಪುಗಳು ಆ ಕಿರು ಅವಧಿಯಲ್ಲಿ ಯಶಸ್ವಿಯಾಗಲಿಲ್ಲ. ನಾಯಿಗಳು ನೋವಿನಿಂದ ಕುಂಯ್‌ಗುಟ್ಟಿದ್ದನ್ನೂ ಅವರೇ ದಾಖಲಿಸಿದರು. ಬೆನ್ನಟ್ಟುವ ನಾಯಿಯನ್ನು ಕೆಲವೇ ದಿನಗಳಲ್ಲಿ ತಿನಿಸಿನಿಂದ ತಿದ್ದುವುದು ಕಷ್ಟ ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ಅದಕ್ಕೆ ಉದ್ದ ಹಗ್ಗವೆಂಬ ನೋವಿಲ್ಲದ ಉತ್ತರ ಇದ್ದೇ ಇದೆ. ತಪ್ಪು ಹೊತ್ತಿನಲ್ಲಿ ತಗುಲಿದ ಆಘಾತವನ್ನು ನಾಯಿ ಪಕ್ಕದಲ್ಲಿದ್ದ ಮಗುವಿಗೋ ಇನ್ನೊಂದು ನಾಯಿಗೋ ಗಂಟುಹಾಕಿದರೆ ಆಗುವ ಹಾನಿ ದೊಡ್ಡದು. ವೇಲ್ಸ್ 2010ರಲ್ಲಿ ಈ ಬೆಲ್ಟುಗಳ ಬಳಕೆಯನ್ನು ನಿಷೇಧಿಸಿತು.

ಕುರಿ ಕಾಯುವ ನಾಯಿಗಳು

ಹಗ್ಗವಿಲ್ಲದ ವಿಧೇಯತೆಯ ಶಿಖರವನ್ನು ಕಾಣಬೇಕಾದರೆ ಬ್ರಿಟನ್ನಿನ ಕುರಿಗಾಹಿಗಳ ಬಳಿಗೆ ಹೋಗಬೇಕು. ವೇಲ್ಸ್‌ನ ಬಾಲಾದಲ್ಲಿ 1873ರಲ್ಲಿ ಕುರಿನಾಯಿಗಳ ಸ್ಪರ್ಧೆ ನಡೆಯಿತು. ಅಂತರರಾಷ್ಟ್ರೀಯ ಕುರಿನಾಯಿ ಸಂಘ 1906ರಲ್ಲಿ ಹುಟ್ಟಿತು. ನೂರಾರು ಮೀಟರ್ ಆಚೆಯ ಗುಡ್ಡದಲ್ಲಿರುವ ಬಾರ್ಡರ್ ಕಾಲಿ ಸೀಟಿಯ ಸ್ವರಭೇದಕ್ಕೆ ತಕ್ಕಂತೆ ಎಡಬಲಕ್ಕೆ ಸುತ್ತುತ್ತದೆ, ಮಲಗುತ್ತದೆ, ನಿಧಾನವಾಗುತ್ತದೆ. ಕೊನೆಗೆ ‘ದಟಲ್ ಡೂ’ (ಅಷ್ಟು ಸಾಕು) ಎಂದರೆ ಕಣ್ಣೆದುರಿನ ಕುರಿಗಳನ್ನು ಬಿಟ್ಟು ಮರಳುತ್ತದೆ. ತಲೆಮಾರುಗಳ ಆಯ್ಕೆ, ದಿನವೂ ಗಂಟೆಗಟ್ಟಲೆ ಕೆಲಸ, ಮತ್ತು ಮರಳಿ ಬಂದ ನಾಯಿಗೆ ನಾಳೆಯೂ ಕುರಿ ಸಿಗುತ್ತದೆಂಬ ಖಾತ್ರಿ ಈ ಮೂರೂ ಅದರ ಹಿಂದಿವೆ. ಅಂಥ ದೇಶದಲ್ಲೂ ಸಾಕುನಾಯಿಗಳಿಂದ ಕುರಿಗಳಿಗಾಗುವ ಹಾನಿಯನ್ನು ತಡೆಯಲು 1953ರಲ್ಲಿ ಕಾಯಿದೆ ತರಬೇಕಾಯಿತು.

ನಮ್ಮ ಬೀದಿ, ನಮ್ಮ ಕಾಡು

ಕರ್ನಾಟಕದ ನಗರಗಳಲ್ಲಿ ಹಗ್ಗ ಬಿಚ್ಚಿದ ಸಾಕುನಾಯಿಯ ಎದುರಿಗಿರುವ ಸವಾಲುಗಳು ಬೇರೆ. ಪ್ರತಿ ಬೀದಿಗೂ ಅಲ್ಲಿನ ನಾಯಿಗಳ ಗುಂಪಿದೆ, ಅವಕ್ಕೆ ತಮ್ಮ ಗಡಿಯಿದೆ. ತಿರುವಿನಲ್ಲಿ ಬೈಕು, ಆಟೊ ಯಾವ ಗಳಿಗೆಯಲ್ಲಾದರೂ ನುಗ್ಗಬಹುದು. ರೇಬಿಸ್ ಭಯ ಇರುವ ನಾಡಿನಲ್ಲಿ, ತಮ್ಮತ್ತ ಓಡಿಬರುವ ನಾಯಿ ಸಾಧುವೋ ಅಲ್ಲವೋ ಎಂದು ದಾರಿಹೋಕರು ನಿಂತು ನೋಡಬೇಕೆಂದು ಬಯಸುವುದು ನ್ಯಾಯವಲ್ಲ. ಪ್ರಾಣಿಯಿಂದ ಜನರಿಗೆ ಅಪಾಯವಾಗದಂತೆ ಎಚ್ಚರ ವಹಿಸದ ಒಡೆಯರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮು ಆರು ತಿಂಗಳವರೆಗೆ ಸೆರೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸುತ್ತದೆ.

ಮಲೆನಾಡಿನ ಕಾಡಂಚಿನಲ್ಲಿ ಜಿಂಕೆ, ಮೊಲಗಳನ್ನು ಅಟ್ಟುವ ನಾಯಿ ವನ್ಯಜೀವಿಗಳಿಗೆ ಕಂಟಕ. ಚಿರತೆಗೆ ಅದೇ ಸುಲಭದ ತುತ್ತು. 1972ರ ವನ್ಯಜೀವಿ ಕಾಯಿದೆಯಲ್ಲಿ ಬೇಟೆಯ ವ್ಯಾಖ್ಯೆಯೊಳಗೆ ಪ್ರಾಣಿಯನ್ನು ಅಟ್ಟುವುದೂ ಸೇರಿದೆ. ದೀಪಾವಳಿಯ ದಿನಗಳಲ್ಲಂತೂ ಎಷ್ಟೇ ಪಳಗಿದ ನಾಯಿಯ ಹಗ್ಗವನ್ನೂ ಬಿಚ್ಚಬಾರದು. ಪಟಾಕಿಗೆ ಬೆದರಿ ಓಡುವ ನಾಯಿ ಹಟದಿಂದ ಓಡುತ್ತಿಲ್ಲ, ಆ ಭಯದಲ್ಲಿ ಅದಕ್ಕೆ ಕರೆ ತಲುಪುವುದೇ ಇಲ್ಲ.

ಬೀದಿನಾಯಿಗಳೂ ಈ ವಿಷಯದಲ್ಲಿ ಕಲಿಸುವುದಿದೆ. ಕೋಲ್ಕತ್ತದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರೊಂದಿಗೆ ಮತ್ತೆ ಮತ್ತೆ ಒಡನಾಡಿದ ಬೀದಿನಾಯಿಗಳು ಆಹಾರಕ್ಕಿಂತ ಮೈದಡವುವಿಕೆಗೆ ಹೆಚ್ಚು ಒಲಿದವು. ಯಾರ ಹಗ್ಗಕ್ಕೂ ಕಟ್ಟುಬೀಳದ ನಾಯಿಯೂ ನಂಬಿಕೆ ಹುಟ್ಟಿದ ಕೈಯನ್ನು ಅರಸಿ ಬರುತ್ತದೆ.

ಹಗ್ಗ ಬಿಚ್ಚುವ ತೀರ್ಮಾನ

ಹಗ್ಗ ಬಿಚ್ಚುವ ಮುನ್ನ ‘ಈ ನಾಯಿ ಬರುತ್ತದೆಯೇ’ ಎಂದು ಮಾತ್ರ ಕೇಳಿಕೊಂಡರೆ ಸಾಲದು. ‘ಇಲ್ಲಿ ಒಂದು ಸಲ ಬಾರದಿದ್ದರೆ ಏನಾಗುತ್ತದೆ’ ಎಂದೂ ಕೇಳಿಕೊಳ್ಳಬೇಕು. ಬೇಲಿಯಿರುವ ಮೈದಾನದಲ್ಲಿ ಒಂದು ಸಲ ತಪ್ಪಿದರೆ ಐದು ನಿಮಿಷ ಹೋಗುತ್ತದೆ. ಹೆದ್ದಾರಿಯ ಬದಿಯಲ್ಲಿ ಜೀವ ಹೋಗುತ್ತದೆ. ಮೊದಲನೆಯ ಕಡೆ ಸಾಧಾರಣ ಭರವಸೆ ಸಾಕು, ಎರಡನೆಯ ಕಡೆ ಎಂಥ ಭರವಸೆಯೂ ಸಾಲದು. ಜಿಪಿಎಸ್ ಬೆಲ್ಟು ನಾಯಿ ಎಲ್ಲಿದೆಯೆಂದು ಹೇಳೀತು, ಅದನ್ನು ಕರೆತರಲಾರದು. ಮೂಸುತ್ತ, ಓಡುತ್ತ, ತನ್ನಿಷ್ಟದಂತೆ ಅಲೆಯುವುದು ನಾಯಿಯ ಬದುಕಿನ ದೊಡ್ಡ ಸಂತೋಷ; ಅದನ್ನು ಕೊಡಬೇಕಾದದ್ದು ಸಾಕಿದವರ ಹೊಣೆ. ತಕ್ಕ ಜಾಗ ಹುಡುಕುವುದು, ಕರೆದಾಗ ಬಂದದ್ದಕ್ಕೆ ನಾಯಿ ಎಂದೂ ಪಶ್ಚಾತ್ತಾಪ ಪಡದಂತೆ ನಡೆದುಕೊಳ್ಳುವುದು, ಸಂಶಯವಿದ್ದಲ್ಲಿ ಹಗ್ಗವನ್ನು ಬಿಚ್ಚದಿರುವುದು ಆ ಹೊಣೆಯ ಮೂರು ಭಾಗಗಳು.